ಹಡಪಸರದ ಯುದ್ಧ, ಶ್ರೀರಂಗಪಟ್ಟಣದ ಕಾಗದ

ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ಸೊಲ್ಲಾಪುರದ ಮೇಲೆ ಪುಣೆಗೆ ಹೋಗುವವರಿಗೆ ಹಡಪಸರ ಗೊತ್ತಿರುತ್ತದೆ. ಪುಣೆ ಬಂತು ಎಂದು ಬಸ್ಸಿನಲ್ಲಿ ಚೀಲಗಳನ್ನು ಕೆಳಗಿಳಿಸಲು ಶುರುಮಾಡುವ ಜಾಗ ಅದು. ಇಂದು ಅಲ್ಲಿ ಸಾಫ್ಟ್‌ವೇರ್ ಕಂಪನಿಗಳ ಎತ್ತರದ ಕಟ್ಟಡಗಳಿವೆ, ಕಾರ್ಖಾನೆಗಳಿವೆ, ಸದಾ ವಾಹನ ತುಂಬಿದ ರಸ್ತೆಯಿದೆ. ಇನ್ನೂರು ವರ್ಷಗಳ ಹಿಂದೆ ಅದು ಊರಾಚೆಯ ಬಯಲು. 1802ರ ಅಕ್ಟೋಬರ್ 25ರಂದು, ದೀಪಾವಳಿಯ ದಿನಗಳಲ್ಲಿ, ಆ ಬಯಲಿನಲ್ಲಿ ಮರಾಠರ ಎರಡು ಸೈನ್ಯಗಳು ಒಂದರ ಮೇಲೊಂದು ಬಿದ್ದವು. ಒಂದು ಕಡೆ ಯಶವಂತರಾವ್ ಹೋಳ್ಕರ್. ಇನ್ನೊಂದು ಕಡೆ ಪೇಶ್ವೆ ಎರಡನೆಯ ಬಾಜೀರಾಯ ಮತ್ತು ದೌಲತರಾವ್ ಸಿಂಧಿಯಾ ಇವರ ಕೂಡು ಸೈನ್ಯ. ಸಂಜೆಯೊಳಗೆ ಹೋಳ್ಕರ್ ಗೆದ್ದಿದ್ದ, ಪೇಶ್ವೆ ಊರು ಬಿಟ್ಟಿದ್ದ.

ಈ ಯುದ್ಧದ ಸುದ್ದಿ ದಕ್ಷಿಣಕ್ಕೆ ಹರಿದು ಕಾವೇರಿಯ ದ್ವೀಪದಲ್ಲಿದ್ದ ಒಬ್ಬ ಸೇನಾಧಿಕಾರಿಯನ್ನು ತಲುಪಿತು. ಆತ ಆರ್ಥರ್ ವೆಲ್ಲೆಸ್ಲಿ. ಆಗ ಮೂವತ್ತಮೂರು ವರ್ಷ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದವನು ಇವನೇ. 1799ರಿಂದ ಶ್ರೀರಂಗಪಟ್ಟಣದಲ್ಲಿ ಕುಳಿತು ಮೈಸೂರು ಸೀಮೆಯ ಕಂಪನಿ ಸೈನ್ಯವನ್ನು ನೋಡಿಕೊಳ್ಳುತ್ತಿದ್ದ ಈತನಿಗೆ ಒಂದು ಅಭ್ಯಾಸವಿತ್ತು. ದಿನವೂ ಕಾಗದ ಬರೆಯುವುದು, ಬರೆದದ್ದರ ನಕಲು ಇಟ್ಟುಕೊಳ್ಳುವುದು. ಆ ಕಾಗದಗಳು ಇವತ್ತಿಗೂ ಓದಲು ಸಿಗುತ್ತವೆ. ಹಡಪಸರದ ಯುದ್ಧದಿಂದ ಮರಾಠ ರಾಜ್ಯದ ಪತನದವರೆಗಿನ ಕಥೆಯನ್ನು ಜಗತ್ತು ತಿಳಿದದ್ದು ಬಹುಮಟ್ಟಿಗೆ ಇಂಥ ಕಾಗದಗಳ ಮೂಲಕ.

ಅವುಗಳಲ್ಲಿ ಎರಡು ಬಗೆ. ಮೇಲಧಿಕಾರಿಗೆ, ಗವರ್ನರಿಗೆ, ಕೌನ್ಸಿಲಿಗೆ ಬರೆದ ಸರಕಾರಿ ಪತ್ರಗಳು ಒಂದು. ಗೆಳೆಯರಿಗೆ, ಅಣ್ಣನಿಗೆ ಬರೆದ ಖಾಸಗಿ ಪತ್ರಗಳು ಇನ್ನೊಂದು. ಒಂದೇ ಕೈ, ಒಂದೇ ಮಸಿ, ಎಷ್ಟೋ ಸಲ ಒಂದೇ ವಾರ. ಆದರೂ ಎರಡರಲ್ಲಿ ಕಾಣುವ ಚಿತ್ರ ಒಂದೇ ಅಲ್ಲ. ಅವೆರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗಲೇ ಆ ಯುದ್ಧದ ನಿಜವಾದ ಲೆಕ್ಕ ಸಿಗುತ್ತದೆ. ಆ ಲೆಕ್ಕದಲ್ಲಿ ಕನ್ನಡ ನಾಡಿನ ಪಾಲೂ ಇದೆ.

ಕೆಸರಿನ ಡೇರೆ

ಮೊದಲು ಯುದ್ಧದ ಹಿನ್ನೆಲೆ. ಹೋಳ್ಕರ್ ಮತ್ತು ಸಿಂಧಿಯಾ ಮನೆತನಗಳ ಹಗೆ ಹಳೆಯದು. 1797ರಲ್ಲಿ ಯಶವಂತರಾವ್‌ನ ಅಣ್ಣ ಮಲ್ಹಾರರಾವ್ ಪುಣೆಯಲ್ಲೇ ಸಿಂಧಿಯಾನ ಸೈನಿಕರ ಕೈಯಲ್ಲಿ ಸತ್ತ. 1801ರ ಏಪ್ರಿಲ್‌ನಲ್ಲಿ ಇನ್ನೊಬ್ಬ ಸಹೋದರ ವಿಠೋಜಿಯನ್ನು ಬಾಜೀರಾಯ ಪುಣೆಯಲ್ಲಿ ಆನೆಯ ಕಾಲಿಗೆ ಕಟ್ಟಿಸಿ ಕೊಲ್ಲಿಸಿದ. ಯಶವಂತರಾವ್ ಪುಣೆಯ ಮೇಲೆ ಏರಿ ಬಂದಾಗ ಅವನ ಬೆನ್ನ ಹಿಂದೆ ಈ ಎರಡು ಸಾವುಗಳಿದ್ದವು.

ಯುದ್ಧದ ಮೊದಲ ಹೊತ್ತಿನಲ್ಲಿ ಹೋಳ್ಕರನ ಕುದುರೆ ದಂಡು ಹಿಂಜರಿಯಿತು. ಆತನೇ ಮುಂದೆ ನಿಂತು ದಂಡನ್ನು ತಿರುಗಿಸಿ ಸಿಂಧಿಯಾನ ಫಿರಂಗಿಗಳ ಮೇಲೆ ನುಗ್ಗಿದ. ಸಿಂಧಿಯಾನ ಕವಾಯತು ಪಲ್ಟಣಗಳ ನಾಯಕನಾಗಿದ್ದ ಡಾಸ್ ಎಂಬ ಯುರೋಪಿಯನ್ ಅಧಿಕಾರಿ ಸತ್ತ. ಬಾಜೀರಾಯ ಸಿಂಹಗಡದ ಕಡೆ ಓಡಿದ, ಅಲ್ಲಿಂದ ಕೊಂಕಣಕ್ಕೆ ಇಳಿದು ಇಂಗ್ಲಿಷರ ಆಸರೆಗೆ ವಸಯಿ ಸೇರಿದ. ಡಿಸೆಂಬರ್ 31ರಂದು ಅಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಕಂಪನಿಯ ಸೈನ್ಯವನ್ನು ಕಾಯಮ್ಮಾಗಿ ತನ್ನ ರಾಜ್ಯದಲ್ಲಿ ಇಟ್ಟುಕೊಂಡು, ಅದರ ಖರ್ಚಿಗೆ ಪ್ರಾಂತ ಬಿಟ್ಟುಕೊಡಲು ಒಪ್ಪಿದ. ಒಂದು ಮನೆಜಗಳ ಮೂರನೆಯವನಿಗೆ ಮನೆಯ ಬೀಗದ ಕೈ ಕೊಟ್ಟಿತು.

ಯುದ್ಧ ನಡೆದಾಗ ಪುಣೆಯ ಇಂಗ್ಲಿಷ್ ರೆಸಿಡೆಂಟನಾಗಿದ್ದವನು ಬ್ಯಾರಿ ಕ್ಲೋಸ್. ಮುಳಾ–ಮುಠಾ ನದಿಗಳ ಸಂಗಮದ ಬಳಿಯ ರೆಸಿಡೆನ್ಸಿಯಲ್ಲಿ ಅವನ ವಾಸ. ಯುದ್ಧದ ಮರುದಿನ ಹೋಳ್ಕರ್ ಅವನನ್ನು ಕರೆಸಿಕೊಂಡ. ಗೆದ್ದ ಸರದಾರ ಕೂತಿದ್ದದ್ದು ಪಾದ ಮುಳುಗುವಷ್ಟು ಕೆಸರಿದ್ದ ಒಂದು ಸಣ್ಣ ಡೇರೆಯಲ್ಲಿ. ಮೈಮೇಲೆ ಭರ್ಚಿಯ ಗಾಯ, ತಲೆಯ ಮೇಲೆ ಕತ್ತಿಯ ಏಟು. ಆ ಸ್ಥಿತಿಯಲ್ಲೂ ಮಾತು ಸೌಜನ್ಯದ್ದೇ. ಇಂಗ್ಲಿಷರು ನಡುವೆ ನಿಂತು ರಾಜಿ ಮಾಡಿಸಲಿ ಎಂಬ ಬಯಕೆ. ಸೇಡು, ಗಾಯ, ರಾಜಿಯ ಆಸೆ ಎಲ್ಲವೂ ಕೂಡಿದ್ದ ಆ ಮನುಷ್ಯ ಇಂಗ್ಲಿಷ್ ಸರಕಾರಿ ಕಡತಗಳಿಗೆ ಇಳಿಯುವಾಗ ಒಂದೇ ಬಣ್ಣಕ್ಕೆ ಬಂದ: ಪೇಶ್ವೆಯ ಗಾದಿಯನ್ನು ಕಸಿದ ಬಂಡಾಯಗಾರ. ಪೇಶ್ವೆಯನ್ನು ಮತ್ತೆ ಕೂರಿಸುವ ದಂಡಯಾತ್ರೆಗೆ ಆ ಒಂದು ಬಣ್ಣ ಸಾಕಿತ್ತು.

ಈ ಕ್ಲೋಸ್ ಪುಣೆಗೆ ಬರುವ ಮೊದಲು ಮೈಸೂರಿನ ರೆಸಿಡೆಂಟನಾಗಿದ್ದವನು. ವೆಲ್ಲೆಸ್ಲಿ, ಕ್ಲೋಸ್ ಮತ್ತು ದಿವಾನ್ ಪೂರ್ಣಯ್ಯ ಒಟ್ಟಿಗೆ ಕೆಲಸ ಮಾಡಿದವರು. ಹಾಗಾಗಿ ಪುಣೆಗೂ ಶ್ರೀರಂಗಪಟ್ಟಣಕ್ಕೂ ನಡುವೆ ಓಡಾಡಿದ ಕಾಗದಗಳು ಎರಡು ಕಚೇರಿಗಳ ನಡುವಿನವಷ್ಟೇ ಅಲ್ಲ, ಇಬ್ಬರು ಹಳೆಯ ಗೆಳೆಯರ ನಡುವಿನವೂ ಹೌದು.

ಅಕ್ಕಿ, ಎತ್ತು, ಹರಿಗೋಲು

ಸುದ್ದಿ ಬಂದ ನಂತರದ ವಾರಗಳಲ್ಲಿ ವೆಲ್ಲೆಸ್ಲಿ ಬರೆದ ಪತ್ರಗಳಲ್ಲಿ ಶೌರ್ಯದ ಮಾತು ಹುಡುಕಿದರೆ ನಿರಾಶೆಯೇ ಗತಿ. ಅಕ್ಕಿ ಎಷ್ಟು ಬೇಕು, ಹುರುಳಿ ಎಲ್ಲಿ ಕೂಡಿಡಬೇಕು, ಗೋರಾ ಸಿಪಾಯಿಗಳ ಸಾರಾಯಿಯನ್ನು, ಉಪ್ಪು ಹಾಕಿದ ಮಾಂಸವನ್ನು ಎತ್ತಿನ ಮೇಲೆ ಹೇರಲು ಬರುವಂಥ ಪೀಪಾಯಿಗಳಲ್ಲಿ ಹೇಗೆ ತುಂಬಬೇಕು, ಎತ್ತುಗಳಿಗೆ ಯಾರು ಹೊಣೆ: ಇವೇ ಪುಟಗಟ್ಟಲೆ. ಪೇಶ್ವೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮೈಸೂರು ಸೀಮೆಯಲ್ಲಿ ದವಸ ಕೂಡಿಸುವ ಕೆಲಸ ಶುರುವಾಗಿತ್ತು. ಯುದ್ಧ ಮಾಡುವುದೋ ಬೇಡವೋ ಎಂಬ ಚರ್ಚೆ ಸರಕಾರಿ ಪತ್ರಗಳಲ್ಲಿ ನಡೆಯುತ್ತಿರುವಾಗಲೇ ಮೂಟೆಗಳು ಅದಕ್ಕೆ ಉತ್ತರ ಕೊಟ್ಟಿದ್ದವು.

ಈ ಎಚ್ಚರಿಕೆಯನ್ನು ಅವನಿಗೆ ಕಲಿಸಿದ್ದು ಉತ್ತರ ಕರ್ನಾಟಕದ ನೆಲ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಸವಣೂರು, ಕುಂದಗೋಳ, ಡಂಬಳ, ಮುನವಳ್ಳಿಗಳ ಸೀಮೆಯಲ್ಲಿ ತಿಂಗಳುಗಟ್ಟಲೆ ಅಲೆದಿದ್ದ. ಉಭಯ ಲೋಕಗಳ ಒಡೆಯನೆಂದು ತನ್ನನ್ನು ಕರೆದುಕೊಂಡಿದ್ದ ಧೋಂಡಿಯಾ ಆ ಸೆಪ್ಟೆಂಬರ್ 10ರಂದು ಕೊನಗಲ್ ಬಳಿ ಹತನಾದ. ಆ ಓಟದಲ್ಲಿ ವೆಲ್ಲೆಸ್ಲಿ ಕಂಡುಕೊಂಡದ್ದು ಇಷ್ಟು: ಮರಾಠ ಕುದುರೆ ದಂಡಿನ ಬಲವಿರುವುದು ವೇಗದಲ್ಲಿ. ಮಳೆಗಾಲದಲ್ಲಿ ನದಿಗಳು ತುಂಬಿದರೆ ಆ ವೇಗಕ್ಕೆ ತಡೆ ಬೀಳುತ್ತದೆ. ದೋಣಿ ಇದ್ದವನು ಮಾತ್ರ ಆಗ ಆಚೆ ದಡಕ್ಕೆ ಹೋಗಬಲ್ಲ. ಮರಾಠ ಸೀಮೆಯಲ್ಲಿ ಯುದ್ಧ ಬಂದರೆ ಹೇಗೆ ನಡೆಸಬೇಕೆಂದು 1801ರಲ್ಲಿ ಒಂದು ಟಿಪ್ಪಣಿಯನ್ನೇ ಬರೆದಿಟ್ಟ. ಬಿದಿರು ಹೆಣೆದು ಚರ್ಮ ಹೊದಿಸಿದ ನಮ್ಮ ಹರಿಗೋಲು ಆ ಯೋಜನೆಯ ಮುಖ್ಯ ಸಾಧನ. ಮುಂದೆ ಮಲಪ್ರಭಾ, ಘಟಪ್ರಭಾ, ಕೃಷ್ಣೆಗಳ ಮೇಲೆ ದೋಣಿ ಸಿದ್ಧವಿಡಿಸಿ ಮೈಸೂರಿನೊಂದಿಗೆ ದಾರಿ ತೆರೆದಿಟ್ಟುಕೊಂಡ.

ಎತ್ತುಗಳ ಕಥೆಯೂ ಹಾಗೆಯೇ. ಮೈಸೂರಿನ ಅರಸರ ಕಾಲದಿಂದ ಬೆಳೆದು, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫಿರಂಗಿ ಎಳೆಯಲೆಂದೇ ಸಾಕಿದ ಅಮೃತಮಹಲ್ ತಳಿಯ ಎತ್ತುಗಳು ಈಗ ಟಿಪ್ಪುವನ್ನು ಸೋಲಿಸಿದವರ ಫಿರಂಗಿ ಎಳೆದವು. ದವಸ ಹೊತ್ತು ಸೈನ್ಯದ ಹಿಂದೆ ನಡೆದವರು ಲಂಬಾಣಿಗರು; ಪತ್ರಗಳಲ್ಲಿ ಅವರ ಹೆಸರು ಬ್ರಿಂಜಾರಿ. ಪೂರ್ಣಯ್ಯ ದವಸ ಒದಗಿಸಿದರು, ಎರಡು ಸಾವಿರಕ್ಕೂ ಹೆಚ್ಚು ಮೈಸೂರು ಸವಾರರನ್ನು ಕಳಿಸಿದರು.

ಅಕ್ಕಿಯ ಪ್ರಮಾಣ ಸೇರು ಲೆಕ್ಕದಲ್ಲಿ, ಎತ್ತಿನ ಸಂಖ್ಯೆ ಸಾವಿರದ ಲೆಕ್ಕದಲ್ಲಿ ಈ ಪತ್ರಗಳಲ್ಲಿ ಸಿಗುತ್ತದೆ. ಅಕ್ಕಿ ಬೆಳೆದವನ, ಎತ್ತು ಹೊಡೆದವನ ಹೆಸರು ಸಿಗುವುದಿಲ್ಲ.

ಅಣ್ಣನಿಗೆ ಬರೆದದ್ದು

ಖಾಸಗಿ ಪತ್ರಗಳ ಬೆಲೆ ಏನೆಂದು ತಿಳಿಯಲು ಮೂರು ವರ್ಷ ಹಿಂದೆ ಹೋಗಬೇಕು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆಯ ತೋಪಿನ ಮೇಲೆ ವೆಲ್ಲೆಸ್ಲಿ ದಾಳಿ ಮಾಡಿ ಸೋತ. ಕತ್ತಲಲ್ಲಿ ದಂಡು ಚದುರಿತು, ಅವನ ಕೆಲವು ಸಿಪಾಯಿಗಳು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕರು. ಮರುದಿನ ಬೆಳಕಿನಲ್ಲಿ ತೋಪು ಕೈಗೆ ಬಂತು. ಸರಕಾರಿ ವರದಿಯಲ್ಲಿ ಗೆಲುವಿನ ನಡುವೆ ಆ ರಾತ್ರಿ ಒಂದು ಸಣ್ಣ ಅಡ್ಡಿಯಾಗಿ ಸರಿದುಹೋಗಬಹುದಿತ್ತು. ಆದರೆ ಎರಡು ವಾರದೊಳಗೆ ಗವರ್ನರ್ ಜನರಲ್ ಆಗಿದ್ದ ಅಣ್ಣ ರಿಚರ್ಡ್‌ಗೆ ಬರೆದ ಕಾಗದದಲ್ಲಿ ಒಂದು ಪ್ರತಿಜ್ಞೆಯೇ ಇದೆ. ಹಗಲಿನಲ್ಲಿ ನೆಲ ನೋಡಿಕೊಳ್ಳದೆ, ಸಿದ್ಧವಾಗಿ ಕೂತ ಶತ್ರುವಿನ ಮೇಲೆ ರಾತ್ರಿ ದಾಳಿಗೆ ಇನ್ನೆಂದೂ ಅವಕಾಶ ಕೊಡುವುದಿಲ್ಲ ಎಂದು.

ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ಆ ರಾತ್ರಿ ಊರು ಸೂರೆಯಾಯಿತು. ಮೇ 5ರ ಬೆಳಿಗ್ಗೆ ವೆಲ್ಲೆಸ್ಲಿ ಊರಿನ ಆಡಳಿತ ವಹಿಸಿಕೊಂಡ. ಶಾಲೆಯ ಇತಿಹಾಸದಲ್ಲಿ ಇದು ಶಾಂತಿ ನೆಲೆಗೊಂಡಿತು ಎಂಬ ಒಂದು ಸಾಲು. ಮೇ 8ರಂದು ಅಣ್ಣನಿಗೆ ಬರೆದ ಕಾಗದ ಹೇಳುವುದು ಬೇರೆ: ಲೂಟಿಯಾಗದ ಮನೆ ಉಳಿದದ್ದು ಅಪರೂಪ, ಬೆಲೆಬಾಳುವ ಒಡವೆಗಳನ್ನು, ಚಿನ್ನದ ಗಟ್ಟಿಗಳನ್ನು ಸಿಪಾಯಿಗಳು ತಮ್ಮ ದಂಡಿನ ಬಜಾರಿನಲ್ಲೇ ಮಾರಿದರು, ಗಲ್ಲಿಗೇರಿಸಿ, ಚಾಟಿಯಲ್ಲಿ ಹೊಡೆಸಿ ಹತೋಟಿಗೆ ತರಬೇಕಾಯಿತು ಎಂದು. ಗೆದ್ದವರ ಕಡೆಯವನೇ ಬರೆದ ಈ ಮಾತು ಇಲ್ಲದಿದ್ದರೆ ಶ್ರೀರಂಗಪಟ್ಟಣದ ಆ ರಾತ್ರಿ ನಮಗೆ ಅರ್ಧವೇ ಗೊತ್ತಿರುತ್ತಿತ್ತು.

ಕಿತ್ತೂರಿನ ಹತ್ತು ಸಾವಿರ

ಪುಣೆಯ ದಂಡಯಾತ್ರೆಗೆ ಸಿದ್ಧತೆ ನಡೆಯುತ್ತಿದ್ದಾಗಲೇ ನಮ್ಮ ಗಡಿಯಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ಕಿತ್ತೂರಿನ ದೊರೆ ಮಲ್ಲಸರ್ಜ, ಅಂದರೆ ರಾಣಿ ಚೆನ್ನಮ್ಮನ ಗಂಡ, ಮರಾಠರಿಗೆ ಕಪ್ಪ ಕೊಡುತ್ತಿದ್ದ. ಉತ್ತರದಲ್ಲಿ ಪೇಶ್ವೆಯೇ ಓಡಿಹೋಗಿದ್ದಾನೆ, ದಕ್ಷಿಣದಲ್ಲಿ ಕಂಪನಿ ಬಲಿಯುತ್ತಿದೆ. ತನ್ನನ್ನು ಕಂಪನಿಯ ರಕ್ಷಣೆಗೆ ತೆಗೆದುಕೊಳ್ಳಿರೆಂದು ಹಳಿಯಾಳದಲ್ಲಿದ್ದ ಕಂಪನಿಯ ಅಧಿಕಾರಿಗೆ ಹೇಳಿಕಳಿಸಿದ. ಜೊತೆಗೆ ಆ ಅಧಿಕಾರಿಗೆ 4,000 ವರಹ, ವೆಲ್ಲೆಸ್ಲಿಗೆ 10,000 ವರಹ ಕೊಡುವ ಮಾತು.

1803ರ ಜನವರಿ 20ರಂದು ವೆಲ್ಲೆಸ್ಲಿ ಆ ಅಧಿಕಾರಿಗೆ ಬರೆದ ಪತ್ರ ಬಿಸಿಬಿಸಿಯಾಗಿದೆ. ಇಂಥ ಮಾತು ಬಂದಾಗಲೇ ಅದು ಅವಮಾನವೆಂದು ದೊರೆಗೆ ತಿಳಿಸಬೇಕಿತ್ತು, ನೀವು ಕೇಳಿಕೊಂಡು ನನಗೆ ಬರೆದದ್ದೇ ಆಶ್ಚರ್ಯ ಎಂಬ ಧಾಟಿ. ಆತನ ಇಂಗ್ಲಿಷ್ ಜೀವನಚರಿತ್ರೆಗಳಲ್ಲಿ ಇದು ಪ್ರಾಮಾಣಿಕತೆಯ ಉದಾಹರಣೆ. ಕಿತ್ತೂರಿನ ಕಡೆಯಿಂದ ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. ಎರಡು ದೊಡ್ಡ ಕಲ್ಲುಗಳ ನಡುವೆ ಸಿಕ್ಕ ಸಣ್ಣ ಸಂಸ್ಥಾನಕ್ಕೆ ನೀನು ಈಗಿರುವ ಒಡೆಯನ ಕೈಕೆಳಗೇ ಇರು ಎಂಬ ಉತ್ತರ ಸಿಕ್ಕಿತು. ಇಪ್ಪತ್ತೊಂದು ವರ್ಷಗಳ ಮೇಲೆ, 1824ರಲ್ಲಿ, ಅದೇ ಕಂಪನಿ ಕಿತ್ತೂರಿನ ದತ್ತಕವನ್ನು ಒಪ್ಪದೆ ಬಂದಾಗ ನಡೆದದ್ದು ನಮಗೆಲ್ಲ ಗೊತ್ತು. ವೆಲ್ಲೆಸ್ಲಿ 10,000 ವರಹವನ್ನು ಬೇಡವೆಂದದ್ದು ನಿಜ. ಲಂಚ ಮುಟ್ಟದ ಅದೇ ಕೈ ಮರಾಠ ರಾಜ್ಯದ ಬಾಗಿಲು ತೆರೆದದ್ದೂ ನಿಜ. ಪತ್ರಗಳಲ್ಲಿ ಇವೆರಡೂ ಇವೆ.

ಪುಣೆ ತಲುಪಿದ ಮೇಲೆ

ಹರಿಹರದಲ್ಲಿ ಮದರಾಸಿನ ಸೈನ್ಯ ಕೂಡಿತು. 1803ರ ಮಾರ್ಚ್ 9ರಂದು ಹೊರಟ ವೆಲ್ಲೆಸ್ಲಿ 12ರಂದು ಹಾವನೂರಿನ ಬಳಿ ತುಂಗಭದ್ರೆ ದಾಟಿದ. ಧಾರವಾಡದ ಸೀಮೆ, ಮಲಪ್ರಭಾ, ಘಟಪ್ರಭಾ, ಕೃಷ್ಣಾ, ಮೀರಜ್. ದಾರಿಯುದ್ದಕ್ಕೂ ಲೂಟಿಗೆ ಕಟ್ಟುನಿಟ್ಟಿನ ತಡೆ ಹಾಕಿದ್ದ. ಕೊಂಡದ್ದಕ್ಕೆ ದುಡ್ಡು ಕೊಡಲೇಬೇಕು. ಇದರಲ್ಲಿ ದಯೆಗಿಂತ ಲೆಕ್ಕವಿತ್ತು. ಊರಿನವರು ಓಡಿಹೋದರೆ ಸೈನ್ಯಕ್ಕೆ ಅನ್ನವಿಲ್ಲ ಎಂಬುದನ್ನು ಆತನ ಪತ್ರಗಳೇ ಬಿಡಿಸಿ ಹೇಳುತ್ತವೆ. ಹೋಳ್ಕರ್ ಆಗಲೇ ಪುಣೆ ಬಿಟ್ಟಿದ್ದ, ಅಲ್ಲಿ ಅಮೃತರಾವ್ ಉಳಿದಿದ್ದ. ಅವನು ಊರಿಗೆ ಬೆಂಕಿ ಹಚ್ಚಲಿದ್ದಾನೆ ಎಂಬ ಸುದ್ದಿ ಕೇಳಿ ಕುದುರೆ ದಂಡಿನೊಂದಿಗೆ 32 ತಾಸುಗಳಲ್ಲಿ ಸುಮಾರು 60 ಮೈಲಿ ನಡೆದು ಏಪ್ರಿಲ್ 20ರಂದು ವೆಲ್ಲೆಸ್ಲಿ ಪುಣೆ ಸೇರಿದ. ಮೇ 13ರಂದು ಬಾಜೀರಾಯ ಮತ್ತೆ ಗಾದಿಯ ಮೇಲೆ ಕೂತ. ಹಡಪಸರದ ಫಲಿತಾಂಶ ಆರೂವರೆ ತಿಂಗಳಲ್ಲಿ ತಿರುಗಿತು.

ಸರಕಾರಿ ಕಾಗದದಲ್ಲಿ ಇದು ಕಾನೂನುಬದ್ಧ ಪೇಶ್ವೆಯ ಪುನಃಸ್ಥಾಪನೆ. ಆದರೆ ಪುಣೆಗೆ ಮರಳಿದ್ದ ಕ್ಲೋಸ್‌ಗೆ 1804ರ ಆರಂಭದಲ್ಲಿ ಬರೆದ ಕಾಗದದಲ್ಲಿ ವೆಲ್ಲೆಸ್ಲಿ ಹೇಳುವುದು, ಪೇಶ್ವೆಯ ಸರಕಾರ ಎಂಬುದು ಬರೀ ಹೆಸರು, ಪುಣೆಯಿಂದ ಐದು ಮೈಲಿ ಆಚೆಗೆ ನಾಡು ಕಳ್ಳಕಾಕರ ಪಾಲು, ಈತನಿಗೆ ಆಳಲೂ ಬಾರದು, ಬೇರೆಯವರ ಕೈಗೆ ಕೊಡಲೂ ಮನಸ್ಸಿಲ್ಲ ಎಂದು. ಯಾರನ್ನು ಕೂರಿಸಲು ಸಾವಿರಾರು ಜನ ಸತ್ತರೋ ಅವನು ಆ ಜಾಗಕ್ಕೆ ಯೋಗ್ಯನಲ್ಲ ಎಂದು ಕೂರಿಸಿದವನಿಗೇ ಗೊತ್ತಿತ್ತು. ಆ ಹೊತ್ತಿಗೆ ಪುಣೆ, ಅಹಮದನಗರದ ಸೀಮೆಯಲ್ಲಿ ಬರ ಬಿದ್ದಿತ್ತು. ದಂಡುಗಳು ತಿಂದು ಮುಗಿಸಿದ ನೆಲದಲ್ಲಿ ಮಳೆಯೂ ಕೈಕೊಟ್ಟಿತ್ತು. ಅಹಮದನಗರದಲ್ಲಿ ಹಸಿದವರಿಗೆ ಕೆಲಸ ಕೊಟ್ಟು ಕೂಳು ಕೊಡುವ ಏರ್ಪಾಟನ್ನೂ ಇದೇ ವೆಲ್ಲೆಸ್ಲಿ ಮಾಡಿಸಿದ. ಅದರ ಆಜ್ಞೆಗಳೂ ಅವೇ ಕಟ್ಟುಗಳಲ್ಲಿವೆ.

ಈ ನಡುವೆ 1803ರ ಸೆಪ್ಟೆಂಬರ್ 23ರಂದು ಅಸಾಯಿ ಯುದ್ಧ ನಡೆದಿತ್ತು. ಸಿಂಧಿಯಾನ ಮೇಲಿನ ಆ ಗೆಲುವಿನಲ್ಲಿ ಕಂಪನಿಯ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 1,600. ಮರುದಿನ ಗವರ್ನರ್ ಜನರಲ್‌ಗೆ ಹೋದ ವರದಿ ಅಚ್ಚುಕಟ್ಟಾಗಿದೆ. ಆ ವಾರವೇ ಗೆಳೆಯ ಮಾಲ್ಕಂಗೆ ಬರೆದ ಕಾಗದದಲ್ಲಿ ಮಾತ್ರ, ಫಿರಂಗಿಯ ಹೊಡೆತ ಎಷ್ಟು ಬಿರುಸಾಗಿತ್ತೆಂದರೆ ನಮ್ಮವರು ಮುಂದೆ ಹೆಜ್ಜೆ ಇಡುವರೋ ಇಲ್ಲವೋ ಎಂದು ಒಂದು ಗಳಿಗೆ ಅನುಮಾನವಾಯಿತು ಎಂಬ ಮಾತಿದೆ. ಇಂಥ ಲಾಭ ಸಿಕ್ಕರೂ ಇಂಥ ನಷ್ಟವನ್ನು ಮತ್ತೆ ನೋಡಲಾರೆ ಎಂದು ಜೊತೆಯ ಅಧಿಕಾರಿಗೂ ಬರೆದ. ಮುಂದೆ ಮದರಾಸಿನ ಗವರ್ನರ್ ಆಗಲಿದ್ದ ಥಾಮಸ್ ಮನ್ರೋಗೆ, ತನ್ನ ಯುದ್ಧತಂತ್ರ ಸರಿಯೆಂದು ಒಪ್ಪಿಸುವ ಉದ್ದನೆಯ ಕಾಗದ ಬರೆದ. ಗೆದ್ದವನಿಗೂ ಸಮರ್ಥನೆ ಬೇಕಿತ್ತು.

ಯಾರ ಪತ್ರ ಉಳಿಯುತ್ತದೆ

ತನ್ನ ಕಾಗದಗಳು ಮುಂದಿನವರ ಕೈಗೆ ಹೋಗುತ್ತವೆ ಎಂಬ ಅರಿವು ಆ ಕಾಲದ ದೊಡ್ಡ ಸೇನಾನಿಗಳಿಗಿತ್ತು. ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ ಯುದ್ಧ ಮುಗಿಯುವ ಮೊದಲೇ, 1781ರಲ್ಲಿ, ರಿಚರ್ಡ್ ವ್ಯಾರಿಕ್ ಎಂಬವನನ್ನು ನೇಮಿಸಿ ತನ್ನ ಯುದ್ಧಕಾಲದ ಪತ್ರಗಳನ್ನೆಲ್ಲ ದುಂಡಗಿನ ಅಕ್ಷರದಲ್ಲಿ ನಕಲು ಮಾಡಿಸಿದ, 44 ಸಂಪುಟಗಳಾದವು. ಅದೇ ವರ್ಷ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್‌ಗೆ ಸೋತ ಕಾರ್ನ್‌ವಾಲಿಸ್ ಹತ್ತು ವರ್ಷದ ಮೇಲೆ, 1791ರ ಮಾರ್ಚ್‌ನಲ್ಲಿ, ಬೆಂಗಳೂರಿನ ಕೋಟೆ ಹಿಡಿದ. ಅವನ ಪತ್ರಗಳೂ ಮುಂದೆ ಅಚ್ಚಾದವು. ವೆಲ್ಲೆಸ್ಲಿಯದನ್ನು ಕರ್ನಲ್ ಗರ್ವುಡ್ 1834ರಿಂದ ಸಂಪುಟ ಸಂಪುಟವಾಗಿ ಪ್ರಕಟಿಸಿದ. ಡ್ಯೂಕ್ ಇನ್ನೂ ಬದುಕಿದ್ದ. ಅಚ್ಚಿಗೆ ಹೋಗುವುದರ ಮೇಲೆ ಅವನ ಕಣ್ಣೂ ಇತ್ತು. ನೋವಾಗಬಹುದಾದ ಕಡೆ ಹೆಸರುಗಳ ಜಾಗ ಖಾಲಿಯಾಯಿತು. ಆತ ತೀರಿಕೊಂಡ ಮೇಲೆ ಮಗ 1858ರಿಂದ 1872ರವರೆಗೆ ಇನ್ನೂ 15 ಸಂಪುಟ ತಂದ. ಮೂಲ ಕಾಗದಗಳು 1983ರಿಂದ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿವೆ.

ಹಡಪಸರದ ಇನ್ನೊಂದು ಕಡೆಯೂ ಬರೆದದ್ದುಂಟು. ಮರಾಠ ಸರದಾರರು, ಅವರ ವಕೀಲರು, ಸುದ್ದಿ ಬರೆಯುವ ಅಖಬಾರನವೀಸರು ಪತ್ರ ಬರೆಯುವುದರಲ್ಲಿ ಇಂಗ್ಲಿಷರಿಗೇನೂ ಕಡಿಮೆ ಇರಲಿಲ್ಲ. ಪುಣೆಯ ಪೇಶ್ವೆ ದಫ್ತರದಲ್ಲಿ ಕೋಟಿಗಟ್ಟಲೆ ಹಾಳೆಗಳಿವೆ ಎಂದು ಹೇಳುತ್ತಾರೆ. ಅವು ಮೋಡಿ ಲಿಪಿಯಲ್ಲಿವೆ. ಅದನ್ನು ಸರಾಗವಾಗಿ ಓದಬಲ್ಲವರು ಇವತ್ತು ಕೆಲವೇ ಜನ. ಗೋ. ಸ. ಸರ್ದೇಸಾಯಿ ಅದರಿಂದ ಆಯ್ದು 1930ರ ದಶಕದಲ್ಲಿ ಸಂಪುಟಗಳನ್ನು ತಂದರು. ಪುಣೆ ರೆಸಿಡೆನ್ಸಿಯ ಇಂಗ್ಲಿಷ್ ಪತ್ರಗಳನ್ನು ಅವರು, ಜದುನಾಥ ಸರ್ಕಾರರು ಮತ್ತು ಇತರರು ಸಂಪಾದಿಸಿದರು. ಆದರೂ ಪರಿಸ್ಥಿತಿ ಇದು: ಇಂಗ್ಲೆಂಡಿನಲ್ಲಿರುವ ಸೇನಾಧಿಕಾರಿಯ ಕಾಗದವನ್ನು ಇಂಗ್ಲಿಷ್ ಬಲ್ಲ ಯಾರು ಬೇಕಾದರೂ ಮನೆಯಲ್ಲಿ ಕೂತು ಓದಬಹುದು. ಯುದ್ಧ ನಡೆದ ಊರಿನಲ್ಲೇ ಇರುವ ಕಾಗದವನ್ನು ಆ ಊರಿನವನೇ ಓದಲಾರ. ನಮ್ಮಲ್ಲಿಯೂ ಹಾಗೆಯೇ. ಉತ್ತರ ಕರ್ನಾಟಕದ ಎಷ್ಟೋ ದೇಸಾಯಿ, ದೇಶಪಾಂಡೆ, ಕುಲಕರ್ಣಿ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಮೋಡಿ ಕಾಗದಗಳೂ ಕನ್ನಡದ ಕಡತಗಳೂ ಇವೆ. 1803ರಲ್ಲಿ ದಂಡು ಹಾದುಹೋದ ಊರುಗಳ ಲೆಕ್ಕ, ತೆಗೆದುಕೊಂಡ ದವಸ, ಹೋದ ಎತ್ತು, ಬಂದ ದುಡ್ಡು ಎಲ್ಲಾದರೂ ಸಿಗುವುದಿದ್ದರೆ ಅಂಥ ಪೆಟ್ಟಿಗೆಗಳಲ್ಲೇ.

ವೆಲ್ಲೆಸ್ಲಿ 1805ರ ಮಾರ್ಚ್‌ನಲ್ಲಿ ಭಾರತ ಬಿಡುವಾಗ ಪೂರ್ಣಯ್ಯನವರಿಗೆ ಬೀಳ್ಕೊಡುಗೆಯ ಕಾಗದ ಬರೆದ. ನಾಡಿನ ಏಳಿಗೆಯೇ ನಿಮ್ಮ ಗುರಿಯಾಗಿರಲಿ, ರೈತರನ್ನು, ವ್ಯಾಪಾರಿಗಳನ್ನು ಕಾಪಾಡಿ, ಅಧಿಕಾರವಿದ್ದವನೂ ಅವರನ್ನು ಪೀಡಿಸದಂತೆ ನೋಡಿಕೊಳ್ಳಿ ಎಂಬುದು ಅದರ ಸಾರ. ಒಳ್ಳೆಯ ಮಾತೇ. ಪುಣೆಯ ಗಾದಿಯನ್ನು ಎತ್ತಿ ನಿಲ್ಲಿಸಿದ ಅಕ್ಕಿ, ಎತ್ತು, ಹರಿಗೋಲು ಅದೇ ರೈತರ, ವ್ಯಾಪಾರಿಗಳ ಬೆನ್ನ ಮೇಲೆ ಬಂದಿದ್ದವು ಎಂಬುದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ. ಅವರ ಕಡೆಯ ಬರಹ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ಸಿಗದೆ ಉಳಿದಿದ್ದರೆ, ಓದಬಲ್ಲವರ ಕೈಗೆ ಅದನ್ನು ದಾಟಿಸಬೇಕಾದವರು ನಾವು.